ಹಂಪಿ ಎರಡು ದಿನ, ಗೈಡ್ ಜೊತೆ: ಯಾವ ಜಾಗ ಯಾವಾಗ?

ಮಲೆನಾಡಮಳೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮನೆಯವರು, ನೆಂಟರು ಸೇರಿ 14 ಜನ ಹಂಪಿಗೆ ಹೊರಡ್ತಿದ್ದೇವೆ. ಗುರುವಾರ ಬೆಳಗಿನ ಜಾವ ಹೊಸಪೇಟೆ ತಲುಪಿ, ಶುಕ್ರವಾರ ಸಂಜೆ ವಾಪಸ್. ರೂಮು ಹೊಸಪೇಟೆಯಲ್ಲೇ, ಓಡಾಡೋಕೆ ಟಿಟಿ (ಟೆಂಪೋ ಟ್ರಾವೆಲರ್). ಎಪ್ಪತ್ತು ದಾಟಿದವರು ಮೂವರಿದ್ದಾರೆ, ಅವರಲ್ಲಿ ಒಬ್ಬರಿಗೆ ಮಂಡಿನೋವು. ಹತ್ತು ವರ್ಷದೊಳಗಿನ ಮಕ್ಕಳೂ ಮೂವರು.

ಗೈಡ್ ಎರಡೂ ದಿನ ಬೇಕಾ, ಒಂದು ದಿನಕ್ಕೆ ಸಾಕಾ? ಎಲ್ಲಿಂದ ಶುರು ಮಾಡಿದ್ರೆ ಹಿಂದೆ ಮುಂದೆ ಸುತ್ತೋದು ತಪ್ಪುತ್ತೆ? ವಿಠ್ಠಲ ದೇವಸ್ಥಾನದ ತನಕ ಗಾಡಿ ಬಿಡಲ್ಲ ಅಂತಾರೆ, ಹಿರಿಯರನ್ನ ಹೇಗೆ ಕರ್ಕೊಂಡು ಹೋಗೋದು? ಅಂಜನಾದ್ರಿ ಬೆಟ್ಟವನ್ನೂ ಇದರಲ್ಲೇ ಸೇರಿಸಬಹುದಾ? ಟೂರ್ ಪಟ್ಟಿಗಳಲ್ಲಿ ಒಂದೇ ದಿನಕ್ಕೆ ಇಪ್ಪತ್ತು ಜಾಗ ಬರೆದಿರ್ತಾರೆ, ಯಾಕೋ ನಂಬಿಕೆ ಬರ್ತಿಲ್ಲ.

ಕಣಶಿಲೆ

ನಿಮ್ಮ ದಿನಗಳನ್ನ ನೋಡಿದರೆ ಮೊದಲು ಹೇಳಬೇಕಾದ್ದು ಇದು: ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ವಿಠ್ಠಲ ದೇವಸ್ಥಾನ, ಕಮಲ ಮಹಲ್ ಇರುವ ಜನಾನಾ (ಅಂತಃಪುರ) ಆವರಣ, ಈ ಮ್ಯೂಸಿಯಂ ಮೂರಕ್ಕೂ ಒಂದೇ ಟಿಕೆಟ್. ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಆದರೆ ಆ ಟಿಕೆಟ್ ಕೊಂಡ ದಿನಕ್ಕೆ ಮಾತ್ರ ನಡೆಯುತ್ತೆ. ಹಾಗಾಗಿ ಟಿಕೆಟ್ಟಿನ ಜಾಗಗಳೆಲ್ಲ ಗುರುವಾರಕ್ಕೆ, ಉಳಿದದ್ದು ಶುಕ್ರವಾರಕ್ಕೆ. ಈ ಒಂದು ತೀರ್ಮಾನ ಮಾಡಿದರೆ ಅರ್ಧ ಗೊಂದಲ ಮುಗೀತು.

ಗೈಡ್ ಒಂದು ದಿನಕ್ಕೆ ಸಾಕು, ಅದು ಗುರುವಾರವೇ ಆಗಲಿ. ಸಾಮಾನ್ಯವಾಗಿ ಜನ ವಿರೂಪಾಕ್ಷ ಗುಡಿ ಮುಂದೆ ಗೈಡ್ ಹಿಡಿದು, ಮಧ್ಯಾಹ್ನಕ್ಕೆ ಅವರನ್ನ ಬಿಟ್ಟು, ಅರಮನೆ ಆವರಣಕ್ಕೆ ತಾವೇ ಹೋಗ್ತಾರೆ. ಅಲ್ಲಿ ಹತ್ತು ನಿಮಿಷದಲ್ಲಿ 'ಇಲ್ಲೇನೂ ಇಲ್ಲ, ಬರೀ ಅಡಿಪಾಯ' ಅಂತ ವಾಪಸ್ ಬರ್ತಾರೆ. ಒಂಬತ್ತು ಅಂತಸ್ತಿನ ಗೋಪುರವನ್ನ ಯಾರೂ ವಿವರಿಸಬೇಕಾಗಿಲ್ಲ, ಅದು ಕಣ್ಣಿಗೆ ಕಾಣುತ್ತೆ. ಬರೀ ಅಡಿಪಾಯ ಉಳಿದಿರೋ ಕಡೆಯೇ ಹೇಳುವವರು ಬೇಕು. ಅರಮನೆಗಳ ಮೇಲ್ಭಾಗವೆಲ್ಲ ಮರದ್ದು. ವಿಜಯನಗರ ಸೋತ 1565ರ ರಕ್ಕಸತಂಗಡಿ ಯುದ್ಧದ ನಂತರ ಊರು ಸುಲಿಗೆಯಾದಾಗ ಬೆಂಕಿಗೆ ಹೋಗಿದ್ದು ಅದು, ಉಳಿದಿದ್ದು ಕಲ್ಲಿನ ಜಗಲಿ. ರಾಜನ ಸಭಾಂಗಣ ಅನ್ನೋ ಕಡೆ ನಿಂತರೆ ಸಾಲಿಗೆ ಹತ್ತರಂತೆ ಹತ್ತು ಸಾಲು ಕಂಬ ನಿಲ್ಲಿಸಿದ ಗುರುತು ಮಾತ್ರ ಇದೆ. ಪಕ್ಕದಲ್ಲೊಂದು ಕಲ್ಲಿನ ಮೆಟ್ಟಿಲು ಮೇಲೇರಿ ಗಾಳಿಯಲ್ಲಿ ನಿಂತುಬಿಡುತ್ತೆ, ಅದು ಹೋಗಬೇಕಿದ್ದ ಮಹಡಿಯೇ ಇಲ್ಲ. ಇದನ್ನ ತೋರಿಸಿ ಹೇಳುವವರಿದ್ದರೆ ಮಾತ್ರ ಅದು ಅರಮನೆ, ಇಲ್ಲದಿದ್ದರೆ ಬಯಲು.

ಗುರುವಾರದ ಕ್ರಮ: ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ವಿಠ್ಠಲ ದೇವಸ್ಥಾನ. ಪಾರ್ಕಿಂಗ್‌ನಿಂದ ಗುಡಿಗೆ ಸುಮಾರು ಒಂದು ಕಿಲೋಮೀಟರ್, ಬ್ಯಾಟರಿ ಗಾಡಿ ಇದೆ, ಅದಕ್ಕೆ ಬೇರೆ ಟಿಕೆಟ್. ಡಿಸೆಂಬರ್ ಅಂದ್ರೆ ಶಾಲಾ ಪ್ರವಾಸದ ಕಾಲ. ಹತ್ತು ಗಂಟೆ ದಾಟಿತೋ, ನಾಲ್ಕೈದು ಬಸ್ಸಿನ ಮಕ್ಕಳು ಒಟ್ಟಿಗೆ ಇಳಿದು ಆ ಗಾಡಿಗೆ ಸಾಲು ಕಟ್ಟಿರ್ತಾರೆ. ಹಿರಿಯರನ್ನ ಬಿಸಿಲಲ್ಲಿ ನಿಲ್ಲಿಸೋದಕ್ಕಿಂತ ಬೇಗ ಹೋಗೋದೇ ಒಳ್ಳೇದು. ಹಿಂದಕ್ಕೆ ಬರುವಾಗಲೂ ಅದೇ ಸಾಲು, ಅದಕ್ಕೆ ಇಪ್ಪತ್ತು ನಿಮಿಷ ಲೆಕ್ಕಕ್ಕೆ ಹಿಡೀರಿ.

ಅಲ್ಲಿಂದ ಕಮಲಾಪುರಕ್ಕೆ ಬಂದು ಮ್ಯೂಸಿಯಂ. ಬಿಸಿಲಿನ ಹೊತ್ತು ನೆರಳಲ್ಲಿ ಕಳೆದಂಗಾಗುತ್ತೆ. ಊಟ ಮುಗಿಸಿ ಎರಡೂವರೆಗೆ ರಾಣಿಯರ ಸ್ನಾನಗೃಹ, ಆಮೇಲೆ ಮಹಾನವಮಿ ದಿಬ್ಬ ಅನ್ನೋ ಎತ್ತರದ ಕಲ್ಲಿನ ಜಗಲಿ ಇರುವ ಅರಮನೆ ಆವರಣ, ಹಜಾರ ರಾಮ ದೇವಸ್ಥಾನ, ಕೊನೆಗೆ ಜನಾನಾ. ಇವೆಲ್ಲ ಒಂದಕ್ಕೊಂದು ಅಂಟಿಕೊಂಡಂತೆಯೇ ಇವೆ. ಜನಾನಾದ ಬಾಗಿಲು ಹಾಕೋ ವೇಳೆಯನ್ನ ಬೆಳಿಗ್ಗೆ ಟಿಕೆಟ್ ತಗೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗಿರ್ತಾನೆ.

ಸೂರ್ಯಾಸ್ತಕ್ಕೆ ಎಲ್ಲರೂ ಮಾತಂಗ ಬೆಟ್ಟ ಅಂತಾರೆ, ಮಂಡಿನೋವಿನವರಿಗೆ ಅದು ಆಗದ ಮಾತು. ಕಂಪ್ಲಿ ರಸ್ತೆಯ ಮಾಲ್ಯವಂತ ರಘುನಾಥ ದೇವಸ್ಥಾನಕ್ಕೆ ಹೋಗಿ. ಬಾಗಿಲ ಹತ್ತಿರದ ತನಕ ಗಾಡಿ ಹತ್ತುತ್ತೆ, ರಾಮಾಯಣ ಪಾರಾಯಣ ನಡೀತಾ ಇರುತ್ತೆ, ಗುಡಿಯ ಹಿಂದಿನ ಬಂಡೆ ಮೇಲಿಂದ ಸುತ್ತಲಿನ ಬಂಡೆಗುಡ್ಡಗಳೆಲ್ಲ ಕಾಣುತ್ತೆ.

ತುರ್ತುಕಾಲುವೆ

ಕಣಶಿಲೆ ಅವರ ಕ್ರಮಕ್ಕೆ ನನ್ನದೊಂದು ತಕರಾರು. ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನ ಮೊದಲೇ ತೋರಿಸಿಬಿಟ್ಟರೆ ಮಕ್ಕಳಿಗೆ ಮಧ್ಯಾಹ್ನದ ದಿಬ್ಬ, ಕೊಳ ಎಲ್ಲ ಸಪ್ಪೆ. ಎರಡನೇ ಮಾತು, ಮ್ಯೂಸಿಯಂನ ಅಂಗಳದಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ: ಹೊಳೆ, ಗುಡ್ಡ, ಕೋಟೆ, ಗುಡಿ ಎಲ್ಲ ಅಳತೆಗೆ ತಕ್ಕಂತೆ. ಅದರ ಸುತ್ತ ಹದಿನೈದು ನಿಮಿಷ ನಿಂತು ನೋಡಿದ ಮೇಲೆ ಹೊರಟರೆ ಎಲ್ಲಿದ್ದೇವೆ ಅನ್ನೋದು ಗೊತ್ತಾಗುತ್ತೆ. ಹಂಪಿಯಲ್ಲಿ ಜನ ಎಡವೋದೇ ಅಲ್ಲಿ. ವಿರೂಪಾಕ್ಷ, ಕೃಷ್ಣ, ವಿಠ್ಠಲ, ಅಚ್ಯುತರಾಯ ಗುಡಿಗಳದ್ದು ಹೊಳೆ ಪಕ್ಕದ ಒಂದು ಲೋಕ. ಅರಮನೆಗಳದ್ದು ಕಮಲಾಪುರದ ಕಡೆಯ ಇನ್ನೊಂದು ಲೋಕ. ನಡುವೆ ಗದ್ದೆ, ಬಾಳೆತೋಟ, ಕಾಲುವೆ. ಇದು ತಲೆಗೆ ಹೋಗದಿದ್ದರೆ ಎರಡು ದಿನವೂ ಟಿಟಿಯಲ್ಲಿ ಕೂತು ಇಳಿದಷ್ಟೇ.

ಆದರೂ ಹಿರಿಯರು, ಶಾಲಾ ಬಸ್ಸು ಎರಡನ್ನೂ ಲೆಕ್ಕ ಹಾಕಿದರೆ ಬೆಳಿಗ್ಗೆ ವಿಠ್ಠಲ ಅನ್ನೋದೇ ಸರಿ ಅಂತ ಒಪ್ಪಬೇಕಾಗುತ್ತೆ.

ಗೈಡ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇಲ್ಲೇ ಹೆಚ್ಚು ಎಡವಟ್ಟು ಆಗೋದು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕುತ್ತಿಗೆಯಲ್ಲಿ ಇರಬೇಕು, ಹೆಸರು ಫೋಟೋ ನೋಡಿಕೊಳ್ಳಿ. ದರ ಮಾತಾಡೋದು ಇಡೀ ಗುಂಪಿಗೆ, ತಲೆಗೆ ಇಷ್ಟು ಅಂತಲ್ಲ. ಅರ್ಧ ದಿನವೋ ಪೂರ್ತಿ ದಿನವೋ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾವ ಯಾವ ಜಾಗ, ಕನ್ನಡದಲ್ಲೇ ಹೇಳ್ತಾರಾ, ಇಷ್ಟನ್ನ ಗಾಡಿ ಹತ್ತೋ ಮುಂಚೆಯೇ ಬಾಯಿಬಿಟ್ಟು ಮಾತಾಡಿ. ಜಾಗಗಳ ಹೆಸರು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೇದು. 'ಪೂರ್ತಿ ಹಂಪಿ' ಅಂತ ಒಪ್ಪಿಕೊಂಡು ಮೂರು ಗಂಟೆಗೆ 'ಮುಗೀತು ಸರ್' ಅಂದ್ರೆ ವಾದ ಮಾಡೋಕೆ ನಿಮ್ಮ ಹತ್ತಿರ ಏನೂ ಇರಲ್ಲ.

ಯಾರೂ ಯೋಚಿಸದ ಇನ್ನೊಂದು ವಿಷಯ: ಗೈಡ್‌ಗೆ ಟಿಟಿಯಲ್ಲಿ ಸೀಟು ಇದೆಯಾ? ನೀವು 14, ಡ್ರೈವರ್ ಬಿಟ್ಟು ಗೈಡ್ ಸೇರಿ 15. ಸೀಟು ಇಲ್ಲದಿದ್ದರೆ ಅವರು ಬೈಕಿನಲ್ಲಿ ಹಿಂದೆ ಬರ್ತಾರೆ, ದಾರಿಯಲ್ಲಿ ಹೇಳಬೇಕಾದ ಮಾತೆಲ್ಲ ತಪ್ಪಿಹೋಗುತ್ತೆ. ತಳವಾರಘಟ್ಟದ ದ್ವಾರ, ಕೋಟೆ ಗೋಡೆ, ನೀರಿನ ಕಾಲುವೆ ಇವೆಲ್ಲ ಕಾಣೋದು ಗಾಡಿಯ ಕಿಟಕಿಯಿಂದಲೇ. ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡಾದರೂ ಮುಂದಿನ ಸೀಟು ಅವರಿಗೆ ಕೊಡಿ.

ಗೈಡ್ ಹೇಳೋದೆಲ್ಲ ಚರಿತ್ರೆಯೂ ಅಲ್ಲ, ಎಲ್ಲ ಕಟ್ಟುಕಥೆಯೂ ಅಲ್ಲ. ಕಮಲ ಮಹಲ್, ರಾಣಿಯರ ಸ್ನಾನಗೃಹ, ಜನಾನಾ ಇವೆಲ್ಲ ಆಮೇಲೆ ಬಂದ ಹೆಸರುಗಳು. ಅಲ್ಲಿ ರಾಣಿಯರೇ ಇದ್ದರು ಅನ್ನೋದಕ್ಕೆ ಶಾಸನದ ಆಧಾರ ಇಲ್ಲ. ವಿಠ್ಠಲ ದೇವಸ್ಥಾನದ, ತಟ್ಟಿದರೆ ಸ್ವರ ಬರುವ ಸಂಗೀತ ಕಂಬಗಳು ಟೊಳ್ಳು ಅಂತ ಹೇಳಿದರೆ ಮುರಿದ ಕಂಬದ ತುದಿ ನೋಡಿ, ಒಳಗೆಲ್ಲ ಗಟ್ಟಿ ಕಲ್ಲು. ಒಂದೇ ಬಂಡೆಯಲ್ಲಿ ದಪ್ಪ ಕಂಬದ ಸುತ್ತ ತೆಳು ಕಂಬಗಳನ್ನ ಬಿಡಿಸಿದ್ದಾರೆ. ತೆಳುವಾದ ಉದ್ದನೆ ಕಲ್ಲನ್ನ ತಟ್ಟಿದರೆ ಸದ್ದು ಬರೋದು ಕಲ್ಲಿನ ಗುಣ, ದಪ್ಪ ಉದ್ದ ಬದಲಾದರೆ ಸದ್ದೂ ಬದಲು. ತಟ್ಟಿ ತಟ್ಟಿ ಸವೆದ ಕಾರಣಕ್ಕೇ ಈಗ ಮುಟ್ಟಬಾರದು ಅಂತ ಮಾಡಿರೋದು. 'ನಾನು ಬಾರಿಸಿ ತೋರಿಸ್ತೀನಿ' ಅನ್ನೋ ಗೈಡ್ ಸಿಕ್ಕರೆ ಬೇಡ ಅನ್ನಿ.

ಒಳ್ಳೆಯವರನ್ನ ಗುರುತಿಸೋಕೆ ಒಂದು ಪ್ರಶ್ನೆ ಸಾಕು: ಕಲ್ಲಿನ ರಥದ ಮುಂದಿನ ಆನೆಗಳು ಮೊದಲಿನಿಂದಲೂ ಅಲ್ಲೇ ಇದ್ದವಾ? ವಿಷಯ ತಿಳಿದವರು ನಿಮ್ಮನ್ನ ಪಕ್ಕಕ್ಕೆ ಕರೆದು, ಆನೆಗಳ ಹಿಂದೆ ಉಳಿದಿರುವ ಕುದುರೆಗಳ ಹಿಂಗಾಲು, ಬಾಲ ತೋರಿಸ್ತಾರೆ. ಮೊದಲು ಇದ್ದದ್ದು ಕುದುರೆ, ಆನೆಗಳನ್ನ ಆಮೇಲೆ ತಂದು ಇಟ್ಟದ್ದು. ರಥದ ಮೇಲೆ ಇಟ್ಟಿಗೆಯ ಶಿಖರವೂ ಇತ್ತು, 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದು ಕಾಣುತ್ತೆ. ಐವತ್ತರ ನೋಟಿನಲ್ಲಿರೋದು ಶಿಖರ ಇಲ್ಲದ ಈಗಿನ ರೂಪ. ಒಂದು ನೋಟು ಜೇಬಲ್ಲಿಟ್ಟುಕೊಳ್ಳಿ, ಮಕ್ಕಳು ಹೋಲಿಸಿ ನೋಡಲಿ.

ಹರಿಗೋಲು

ಅಂಜನಾದ್ರಿ ಪ್ರಶ್ನೆಗೆ ಉತ್ತರ: ಬೇಡ. 575 ಮೆಟ್ಟಿಲು, ಹತ್ತಿ ಇಳಿಯೋಕೆ ಆರಾಮಾಗಿ ಎರಡು ಗಂಟೆ, ಶನಿವಾರ ಆದರೆ ಹನುಮಭಕ್ತರ ಜನಸಾಗರ. ಬೆಟ್ಟ ಇರೋದು ಹೊಳೆಯಾಚೆ, ಕೊಪ್ಪಳ ಜಿಲ್ಲೆಗೆ ಸೇರಿದ ಆನೆಗೊಂದಿ ಕಡೆ. ಟಿಟಿ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಮೇಲೆ ಸುತ್ತಿಕೊಂಡು ಹೋಗಬೇಕು. ನಕ್ಷೆಯಲ್ಲಿ ಹೊಳೆಯಾಚೆಯೇ ಕಾಣುತ್ತೆ ಅಂತ ಅರ್ಧ ಗಂಟೆ ಇಟ್ಟುಕೊಂಡವರು ಮಧ್ಯಾಹ್ನವನ್ನೇ ಕಳ್ಕೊಳ್ತಾರೆ.

ಎಳೆಯರಿಗೆ ಹೋಗಲೇಬೇಕು ಅಂತಿದ್ದರೆ ಶುಕ್ರವಾರ ಸೂರ್ಯ ಹುಟ್ಟೋ ಮುಂಚೆ ಹತ್ತಲಿ, ಹಿರಿಯರು ರೂಮಲ್ಲಿ ನಿಧಾನವಾಗಿ ಏಳಲಿ. ಹತ್ತು ಗಂಟೆಗೆ ವಿರೂಪಾಕ್ಷ ಗುಡಿಯಲ್ಲಿ ಸೇರಬಹುದು. ಗಾಡಿ ಒಂದೇ ಆದ್ದರಿಂದ ಹಿರಿಯರಿಗೆ ಹೊಸಪೇಟೆಯಿಂದ ಒಂದು ಆಟೋ ಗೊತ್ತು ಮಾಡಿಡಿ, ದೂರ 13 ಕಿಲೋಮೀಟರ್ ಅಷ್ಟೆ.

ಹರಿಗೋಲು, ದೋಣಿ ವಿಷಯ: ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತೆ, ದೋಣಿಗಳೆಲ್ಲ ಬಂದ್. ಡಿಸೆಂಬರ್‌ನಲ್ಲಿ ಆ ತೊಂದರೆ ಸಾಮಾನ್ಯವಾಗಿ ಇರಲ್ಲ. ಲೈಫ್ ಜಾಕೆಟ್ ಕೊಡದ ಹರಿಗೋಲು ಹತ್ತಬೇಡಿ. ಗುಂಡನೆ ಬುಟ್ಟಿ ಅದು, ಒಂದೇ ಕಡೆ ಎಲ್ಲರೂ ವಾಲಿದರೆ ಮಗುಚುತ್ತೆ. ಮಂಡಿ ಮಡಚಿ ಕೂರಬೇಕಾಗೋದರಿಂದ ನಿಮ್ಮ ಹಿರಿಯರಿಗೆ ಬೇಡವೇ ಬೇಡ.

ಇನ್ನೊಂದು ದಾರಿ ಇದೆ, ಗಟ್ಟಿ ಕಾಲಿನವರಿಗೆ ಮಾತ್ರ. ವಿರೂಪಾಕ್ಷ ಬೀದಿಯ ಪೂರ್ವದ ತುದಿಯಲ್ಲಿ ಎದುರು ಬಸವಣ್ಣ ಇದೆ. ಅಲ್ಲಿಂದ ಹೊಳೆ ಪಕ್ಕ ಕೋದಂಡರಾಮ ಗುಡಿ, ಅಚ್ಯುತರಾಯ ಗುಡಿಯ ಬೀದಿ, ರಾಜನ ತುಲಾಭಾರ ಹಾದು ವಿಠ್ಠಲ ದೇವಸ್ಥಾನಕ್ಕೆ ಎರಡು ಕಿಲೋಮೀಟರ್ ಚಿಲ್ಲರೆ ಕಾಲುದಾರಿ. ಗಾಡಿಯಲ್ಲಿ ಹೋದರೆ ಕಮಲಾಪುರ ಸುತ್ತಿಕೊಂಡು ಇದರ ಎಷ್ಟೋ ಪಟ್ಟು ದೂರ. ಹಂಪಿ ಒಂದು ರಾಜಧಾನಿಯಾಗಿತ್ತು ಅನ್ನೋದು ಆ ಅಚ್ಯುತಪೇಟೆ ಬೀದಿಯಲ್ಲಿ ನಡೆದಾಗ ತಿಳಿದಂತೆ ಬೇರೆಲ್ಲೂ ತಿಳಿಯಲ್ಲ: ಎರಡೂ ಬದಿ ಕಂಬಸಾಲಿನ ಅಂಗಡಿಗಳು, ನಡುವೆ ಹುಲ್ಲು, ಜನ ಯಾರೂ ಇಲ್ಲ. ಟೂರ್ ಪಟ್ಟಿಗಳು ಇದನ್ನ ಬಿಡೋದು ಗಾಡಿ ಹೋಗಲ್ಲ ಅನ್ನೋ ಒಂದೇ ಕಾರಣಕ್ಕೆ.

ಮಲೆನಾಡಮಳೆ

ತುಂಬಾ ಉಪಕಾರವಾಯ್ತು. ಅಂಜನಾದ್ರಿ ಪಟ್ಟಿಯಿಂದ ತೆಗೆದೆ. ಇನ್ನೆರಡು ವಿಷಯ. ಶುಕ್ರವಾರ ಗೈಡ್ ಇಲ್ಲದೆ ಏನೇನು ನೋಡಬಹುದು, ಎಷ್ಟು ಹೊತ್ತು ಬೇಕು? ವಿರೂಪಾಕ್ಷದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತೆ ಅಂತಾರಲ್ಲ, ಅದು ಎಲ್ಲಿ? ಮತ್ತೆ ಮಕ್ಕಳಿಗೆ ಕಲ್ಲು ನೋಡಿ ನೋಡಿ ಬೇಜಾರಾದ್ರೆ ಏನು ಮಾಡೋದು?

ಕಣಶಿಲೆ

ಶುಕ್ರವಾರ ಏಳೂವರೆಗೆಲ್ಲ ವಿರೂಪಾಕ್ಷ. ಇದು ಇವತ್ತಿಗೂ ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ, ಚಪ್ಪಲಿ ಹೊರಗೇ ಬಿಡಬೇಕು. ಬೆಳಿಗ್ಗೆ ಕಲ್ಲುಹಾಸು ತಣ್ಣಗಿರುತ್ತೆ, ಹನ್ನೊಂದರ ಮೇಲೆ ಅಂಗಳ ದಾಟೋದೇ ಶಿಕ್ಷೆ. ಹಿರಿಯರಿಗೆ ಹಳೇ ಕಾಲುಚೀಲ ಇಟ್ಟುಕೊಳ್ಳಿ. ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಾಣಿಸಿದರೆ ಕೋತಿಗಳು ಕಿತ್ಕೊಳ್ತವೆ, ಬ್ಯಾಗಿನೊಳಗಿರಲಿ. ರಂಗಮಂಟಪ ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ 1510ರಲ್ಲಿ ಕಟ್ಟಿಸಿದ್ದು. ಛಾವಣಿಯ ಚಿತ್ರಗಳನ್ನ ಕತ್ತೆತ್ತಿ ನೋಡೋದು ಕಷ್ಟ, ಮೊಬೈಲನ್ನ ಸೆಲ್ಫಿ ಕ್ಯಾಮೆರಾಗೆ ತಿರುಗಿಸಿ ಅಂಗೈಯಲ್ಲಿಟ್ಟು ನೋಡಲಿ.

ನೆರಳು ಬೀಳೋದು ಗರ್ಭಗುಡಿ ಹಿಂಭಾಗದ ಮೆಟ್ಟಿಲು ಹತ್ತಿ ಹೋಗುವ ಕತ್ತಲ ಕೋಣೆಯ ಗೋಡೆ ಮೇಲೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇದೆ, ಹೊರಗಿನ ಬೆಳಕು ಅದರಲ್ಲಿ ಹಾದು ಎದುರು ಗೋಡೆಗೆ ಬೀಳುತ್ತೆ. ಮೇಲಿನ ಬೆಳಕು ಕೆಳಕ್ಕೆ, ಕೆಳಗಿನದ್ದು ಮೇಲಕ್ಕೆ. ಸೂಜಿರಂಧ್ರದ ಕ್ಯಾಮೆರಾ ಅಂತ ಶಾಲೆಯಲ್ಲಿ ಓದಿದ್ದೇ ಇದು. ಎರಡು ಕಾರಣಕ್ಕೆ ಕಾಣಿಸದೇ ಹೋಗುತ್ತೆ: ಮೋಡ ಇದ್ದರೆ ಆಕಾಶದ ಬೆಳಕು ಸಾಲಲ್ಲ; ಬಿಸಿಲಿಂದ ಒಳಗೆ ಬಂದ ಕೂಡಲೇ ನೋಡಿದರೆ ಕಣ್ಣು ಕತ್ತಲೆಗೆ ಹೊಂದಿರಲ್ಲ. ಮೊಬೈಲ್ ಟಾರ್ಚ್ ಆರಿಸಿ ಒಂದೆರಡು ನಿಮಿಷ ನಿಲ್ಲಿ. ಬಿಳಿ ಹಾಳೆಯೊಂದನ್ನ ಬೆಳಕು ಬೀಳುವ ಕಡೆ ಹಿಡಿದರೆ ಗೋಪುರ ಇನ್ನೂ ಚೆನ್ನಾಗಿ ಮೂಡುತ್ತೆ. ಕಿಂಡಿಗೆ ಹತ್ತಿರ ತಂದಷ್ಟೂ ಗೋಪುರ ಚಿಕ್ಕದಾಗಿ, ಬೆಳಕಾಗಿ ಕಾಣುತ್ತೆ.

ಅಲ್ಲಿಂದ ಹೇಮಕೂಟ. ಬೆಟ್ಟ ಅಂತ ಹೆಸರು, ಆದರೆ ಇಳಿಜಾರಾದ ಬಂಡೆ, ಕೋಲು ಹಿಡಿದವರೂ ನಿಧಾನಕ್ಕೆ ಹತ್ತಬಹುದು. ಮೇಲಿನ ಮೆಟ್ಟಿಲು ಮೆಟ್ಟಿಲಾದ ಶಿಖರದ ಸಣ್ಣ ಗುಡಿಗಳಲ್ಲಿ ಕೆಲವು 1336ರಲ್ಲಿ ಹಕ್ಕಬುಕ್ಕರು ವಿಜಯನಗರ ರಾಜ್ಯ ಕಟ್ಟೋದಕ್ಕೂ ಹಿಂದಿನವು. ಆಚೆ ಬದಿಗೆ ಇಳಿದರೆ ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ. ಟಿಟಿಯನ್ನ ಆ ಕಡೆ ರಸ್ತೆಗೆ ಬರೋಕೆ ಹೇಳಿಬಿಟ್ಟಿರಿ, ಇಲ್ಲದಿದ್ದರೆ ಮತ್ತೆ ಬೆಟ್ಟ ಹತ್ತಿ ಇಳಿಯಬೇಕು. ಎಲ್ಲರೂ ಮರೆಯೋದು ಇದನ್ನೇ.

ಮುಂದೆ ಕೃಷ್ಣ ದೇವಸ್ಥಾನ. ಉದಯಗಿರಿ ಕೋಟೆ ಗೆದ್ದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ್ದು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹ ಈಗ ಚೆನ್ನೈ ಮ್ಯೂಸಿಯಂನಲ್ಲಿದೆ, ಗರ್ಭಗುಡಿ ಖಾಲಿ. ಒಳಗೆ ಹೋದ ಮೇಲೆ ಹಿಂದಕ್ಕೆ ತಿರುಗಿ ಪೂರ್ವ ಗೋಪುರ ನೋಡಿ, ಅದರ ಒಳಮುಖದ ಗಾರೆಯಲ್ಲಿ ಕುದುರೆ ಸವಾರರ ಯುದ್ಧದ ಸಾಲು ಉಳಿದಿದೆ. ನಂತರ ನರಸಿಂಹ: 6.7 ಮೀಟರ್, ಒಂದೇ ಬಂಡೆ, 1528. ಉಗ್ರನರಸಿಂಹ ಅಂತ ಬೋರ್ಡು, ಆಟೋದವರು ಎಲ್ಲ ಕರೀತಾರೆ, ಆದರೆ ಇದು ಲಕ್ಷ್ಮೀನರಸಿಂಹ. ತೊಡೆ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ, ಅವನ ಸೊಂಟ ಬಳಸಿದ ಅವಳ ಕೈ ಮಾತ್ರ ಹಾಗೇ ಇದೆ. ಪಕ್ಕದ ಬಡವಿಲಿಂಗದ ಬುಡದಲ್ಲಿ ಯಾವಾಗಲೂ ನೀರು ನಿಂತಿರುತ್ತೆ, ಕಾಲುವೆಯಿಂದ ಹರಿದು ಬರೋದು.

ಇಷ್ಟಕ್ಕೆ ಸುಮಾರು ಐದು ಗಂಟೆ ಬೇಕು. ಒಂದು ಗಂಟೆಗೆ ಊಟಕ್ಕೆ ಕೂರಬಹುದು. ಸಮಯ ಉಳಿದರೆ ಕಮಲಾಪುರದ ಪಟ್ಟಾಭಿರಾಮ ಗುಡಿ. ವಿಶಾಲವಾದ ಅಂಗಳ, ಜನ ಕಡಿಮೆ, ಹಿರಿಯರು ಕೂರೋಕೆ ನೆರಳೂ ಇದೆ. ನೆಲಮಾಳಿಗೆ ಶಿವಾಲಯಕ್ಕೆ ಹಿರಿಯರನ್ನ ಇಳಿಸಬೇಡಿ, ಒಳಗೆ ನೀರು, ಪಾಚಿ, ಬಾವಲಿ.

ತುರ್ತುಕಾಲುವೆ

ಮಕ್ಕಳ ವಿಷಯಕ್ಕೆ: ನೋಡಿ ಅಂದರೆ ನೋಡಲ್ಲ, ಹುಡುಕಿ ಅನ್ನಬೇಕು. ಗೈಡ್‌ಗೂ ಮೊದಲೇ ಹೇಳಿಡಿ, ಇಸವಿಗಳನ್ನ ಕಡಿಮೆ ಮಾಡಿ ಇವನ್ನ ಹುಡುಕಿಸ್ತಾರೆ.

ಹಜಾರ ರಾಮ ಗುಡಿಯ ಹೊರಗೋಡೆಯಲ್ಲಿ ರಾಮಾಯಣ ಮೂರು ಸಾಲಾಗಿ ಇದೆ. ಒಂದು ಸಾಲು ಓದಿ ಮುಗಿಸೋಕೆ ಗುಡಿಗೆ ಒಂದು ಸುತ್ತು ಬರಬೇಕು, ಪೂರ್ತಿ ಕಥೆಗೆ ಮೂರು ಪ್ರದಕ್ಷಿಣೆ. ರಾಮ ಏಳು ಮರಗಳನ್ನ ಒಂದೇ ಬಾಣದಲ್ಲಿ ಭೇದಿಸೋದು, ಬಾಲ ಸುತ್ತಿ ಎತ್ತರಕ್ಕೆ ಕೂತ ಹನುಮಂತ ಎಲ್ಲಿದ್ದಾರೆ ಅಂತ ಹುಡುಕಲಿ. ಕಾಂಪೌಂಡ್ ಗೋಡೆಯ ಹೊರಗಡೆ ಬೇರೆಯೇ ಮೆರವಣಿಗೆ: ಒಂದು ಸಾಲು ಆನೆ, ಒಂದು ಸಾಲು ಕುದುರೆ, ಸೈನಿಕರು, ಕುಣಿಯುವವರು. ಒಳಗಿನ ನಾಲ್ಕು ಕಪ್ಪು ಕಲ್ಲಿನ ಕಂಬಗಳು ಕನ್ನಡಿಯಂಗೆ ಹೊಳೆಯುತ್ತವೆ.

ಮಹಾನವಮಿ ದಿಬ್ಬದ ಪಕ್ಕದ ಮೆಟ್ಟಿಲು ಕೊಳ ಇನ್ನೂ ಚೆನ್ನ. 1980ರ ದಶಕದಲ್ಲಿ ಮಣ್ಣು ಅಗೆದಾಗ ಸಿಕ್ಕಿದ್ದು. ಕಲ್ಲುಗಳ ಮೇಲೆ ಸಣ್ಣ ಸಣ್ಣ ಅಕ್ಷರ, ಗೀಟುಗಳು ಇವೆ. ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಅಂತ ಕೆಲಸದವರು ಹಾಕಿಕೊಂಡ ಗುರುತು. ಬೇರೆಡೆ ಕೆತ್ತಿ, ಗುರುತು ಹಾಕಿ, ತಂದು ಜೋಡಿಸಿದ್ದಾರೆ. ಈಗ ಕೊಳದೊಳಗೆ ಇಳಿಯೋಕೆ ಬಿಡಲ್ಲ, ಮೇಲಿನಿಂದ ಮೊಬೈಲ್ ಜೂಮ್ ಮಾಡಿದರೆ ಅಕ್ಷರ ಸಿಗುತ್ತೆ. ಕೊಳಕ್ಕೆ ನೀರು ತಂದ ಕಲ್ಲಿನ ದೋಣಿಗಾಲುವೆ ಕಂಬಗಳ ಮೇಲೆ ಹಾಗೇ ಇದೆ, ಅದರ ಜಾಡು ಹಿಡಿದು ಮಕ್ಕಳು ಓಡಲಿ.

ದಿಬ್ಬದ ಮೆಟ್ಟಿಲು ಕಡಿದು, ಹಿಡಿಕೆ ಇಲ್ಲ. ಮೇಲೆ ಹೋದ ಮಕ್ಕಳ ಜೊತೆ ಒಬ್ಬರು ದೊಡ್ಡವರು ಇರಬೇಕು, ಸುತ್ತಲೂ ತಡೆಗೋಡೆ ಇಲ್ಲ, ಎತ್ತರ ಎಂಟು ಮೀಟರ್ ಹತ್ತಿರ. ಹಿರಿಯರು ಕೆಳಗೇ ಇದ್ದರೂ ನಷ್ಟವಿಲ್ಲ. ದಿಬ್ಬದ ಕೆಳಗಿನ ಸುತ್ತಿನಲ್ಲೇ ಕುದುರೆ ಮಾರೋಕೆ ಬಂದ ಪರದೇಶಿಗಳು, ಬೇಟೆ, ಕುಣಿತ ಎಲ್ಲ ಕೆತ್ತಿರೋದು.

ಜನಾನಾ ಪಕ್ಕದ ಆನೆ ಲಾಯದಲ್ಲಿ ಹನ್ನೊಂದು ಕೋಣೆ. ಗುಮ್ಮಟಗಳೆಲ್ಲ ಒಂದೇ ಥರ ಅಲ್ಲ. ನಡುವಿನದ್ದನ್ನ ಬಿಟ್ಟು ಎಡಕ್ಕೊಂದು ಬಲಕ್ಕೊಂದು ಜೋಡಿ ಹುಡುಕೋಕೆ ಹೇಳಿ. ಎದುರಿನ ಹುಲ್ಲುಹಾಸಿನ ಈ ಬದಿಯಲ್ಲಿ ನಿಂತರೆ ಮಾತ್ರ ಅಷ್ಟೂ ಒಟ್ಟಿಗೆ ಕಾಣೋದು, ಹತ್ತಿರ ಹೋದರೆ ಗುಮ್ಮಟವೇ ಮರೆಯಾಗುತ್ತೆ.

ಹರಿಗೋಲು

ಒಂದು ಸೇರಿಸ್ತೀನಿ. ತಲೆಗೆ ಎರಡು ಲೀಟರ್ ನೀರು ಗಾಡಿಯಲ್ಲೇ ಇಟ್ಟುಕೊಳ್ಳಿ, ಅರಮನೆ ಆವರಣದೊಳಗೆ ಅಂಗಡಿ ಇಲ್ಲ. ಡಿಸೆಂಬರ್ ಆದರೂ ಮಧ್ಯಾಹ್ನದ ಬಿಸಿಲು ಬಂಡೆಗಳಿಂದ ವಾಪಸ್ ಹೊಡೆಯುತ್ತೆ, ಛತ್ರಿ ತಗೊಂಡು ಹೋಗಿ. ಬೆಳಿಗ್ಗೆ ಆರೂವರೆಗೆ ಮಾತ್ರ ಸ್ವೆಟರ್ ಬೇಕಾಗುತ್ತೆ.